ಬೀರುವಿನಲ್ಲಿಟ್ಟ ಪೆನ್‌ಡ್ರೈವ್

ಮದುವೆಯಾಗಿ ಎರಡು ಮೂರು ತಿಂಗಳಿಗೆ ಸ್ಟುಡಿಯೊದವರು ಆಲ್ಬಂ ಜೊತೆಗೆ ಒಂದು ಪೆನ್‌ಡ್ರೈವ್ ಕೊಡುತ್ತಾರೆ. ಮೊದಲು ಆ ಜಾಗದಲ್ಲಿ ವಿಎಚ್‌ಎಸ್ ಕ್ಯಾಸೆಟ್ ಇತ್ತು, ಆಮೇಲೆ ಸಿಡಿ, ಡಿವಿಡಿ ಬಂದವು. ಈಗ ಚಪ್ಪರದ ದಿನದಿಂದ ಹೆಣ್ಣೊಪ್ಪಿಸುವ ಶಾಸ್ತ್ರದವರೆಗಿನ ವಿಡಿಯೊ, ಸಾವಿರಾರು ಫೋಟೊ ಎಲ್ಲವೂ ಹೆಬ್ಬೆರಳಿನಷ್ಟು ಉದ್ದದ ಆ ಕಡ್ಡಿಯೊಳಗೆ. ಮನೆಮಂದಿ ಒಟ್ಟಿಗೆ ಕೂತು ಟಿವಿಯಲ್ಲಿ ಒಮ್ಮೆ ನೋಡುತ್ತಾರೆ. ನಂತರ ಅದು ಬೀರು ಸೇರುತ್ತದೆ, ಒಡವೆ ಡಬ್ಬಿಯ ಪಕ್ಕದಲ್ಲಿ. ಏಳೆಂಟು ವರ್ಷ ಕಳೆದು, ಮಗು ‘ನಿಮ್ಮ ಮದುವೆ ತೋರಿಸಿ’ ಎಂದು ಕೇಳಿದ ದಿನ ಅದನ್ನು ತೆಗೆದು ಕಂಪ್ಯೂಟರಿಗೆ ಚುಚ್ಚಿದರೆ, ಇದನ್ನು ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳುತ್ತದೆ. ಸ್ಟುಡಿಯೊಗೆ ಫೋನ್ ಮಾಡಿದರೆ ಅಷ್ಟು ಹಳೆಯದು ತಮ್ಮಲ್ಲಿ ಇಲ್ಲ ಎನ್ನುತ್ತಾರೆ. ಅವರು ಪ್ರತಿ ವರ್ಷದ ನೂರಾರು ಮದುವೆಗಳನ್ನು ಎಷ್ಟು ಕಾಲ ಇಟ್ಟುಕೊಂಡಾರು?

ಇಂಥ ಪ್ರಸಂಗಗಳು ನಮ್ಮ ಸುತ್ತ ಹೆಚ್ಚುತ್ತಿವೆ. ಪೆನ್‌ಡ್ರೈವ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಲು ಹುಟ್ಟಿದ ಸಾಧನ. ಅದನ್ನು ನಾವು ತಿಜೋರಿ ಎಂದು ತಿಳಿದಿದ್ದೇವೆ. ಈ ತಿಳಿವಳಿಕೆ ಎಲ್ಲಿ ತಪ್ಪುತ್ತದೆ, ಫೈಲುಗಳನ್ನು ಒಯ್ಯುವುದಕ್ಕೂ ಉಳಿಸುವುದಕ್ಕೂ ಏನು ಮಾಡಬೇಕು ಎಂಬುದನ್ನು ಕೊಂಚ ವಿವರವಾಗಿ ಬರೆಯಬೇಕೆನ್ನಿಸಿತು.

ಈ ಕಡ್ಡಿಯೊಳಗಿರುವುದು ಫ್ಲ್ಯಾಶ್ ಮೆಮೊರಿ. ಅದನ್ನು 1984ರಲ್ಲಿ ಜಗತ್ತಿಗೆ ತೋರಿಸಿದವರು ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ. ಅದನ್ನು ಯುಎಸ್‌ಬಿ ಕಿಂಡಿಗೆ ಚುಚ್ಚುವ ಸಾಧನವಾಗಿಸಲು 1999ರ ಏಪ್ರಿಲ್‌ನಲ್ಲಿ ಇಸ್ರೇಲಿನ ಎಂ-ಸಿಸ್ಟಮ್ಸ್ ಕಂಪನಿ ಪೇಟೆಂಟ್ ಅರ್ಜಿ ಹಾಕಿತು. 2000ದಲ್ಲಿ ಸಿಂಗಪುರದ ಟ್ರೆಕ್ 2000 ಕಂಪನಿ ಥಂಬ್‌ಡ್ರೈವ್ ಎಂಬ ಹೆಸರಿನಲ್ಲಿ ತನ್ನದನ್ನು ಮಾರಿತು. ಅದೇ ವರ್ಷದ ಕೊನೆಗೆ ಎಂ-ಸಿಸ್ಟಮ್ಸ್ ತಯಾರಿಸಿದ್ದನ್ನು ಅಮೆರಿಕದಲ್ಲಿ ಐಬಿಎಂ ಮಾರಾಟಕ್ಕಿಟ್ಟಿತು. ಅದರ ಹೊಟ್ಟೆ 8 ಎಂಬಿ. ಆಗ ಎಲ್ಲರ ಕೈಯಲ್ಲಿದ್ದ ಫ್ಲಾಪಿ 1.44 ಎಂಬಿಯದು, ಐದು ಫ್ಲಾಪಿಯ ಸರಕು ಒಂದು ಕಡ್ಡಿಯಲ್ಲಿ ಹಿಡಿಯುವುದು ಆಗ ಬೆರಗಿನ ಸಂಗತಿಯೇ. ಇವತ್ತು ಮೊಬೈಲ್ ಅಂಗಡಿಯಲ್ಲಿ ನೇತುಹಾಕಿರುವ 128 ಜಿಬಿಯ ಕಡ್ಡಿಯಲ್ಲಿ ಅಂಥ 16,000 ಕಡ್ಡಿಗಳ ಸರಕು ಹಿಡಿಯುತ್ತದೆ. ಹಿಡಿತ ಇಷ್ಟು ಬೆಳೆದಿದೆ. ಬಾಳಿಕೆ ಅದೇ ಲೆಕ್ಕದಲ್ಲಿ ಬೆಳೆದಿಲ್ಲ, ಒಂದು ಅರ್ಥದಲ್ಲಿ ಇಳಿದಿದೆ.

ಯಾಕೆಂದು ತಿಳಿಯಲು ಒಳಗೆ ನಡೆಯುವುದನ್ನು ನೋಡಬೇಕು. ಫ್ಲ್ಯಾಶ್ ಚಿಪ್ಪಿನಲ್ಲಿ ಕೋಟ್ಯಂತರ ಸಣ್ಣ ಕೋಶಗಳಿವೆ. ಪ್ರತಿ ಕೋಶದಲ್ಲೂ ಎಲೆಕ್ಟ್ರಾನುಗಳನ್ನು ಕೂಡಿಹಾಕುವ ಒಂದು ಜಾಗ; ಅದರ ಸುತ್ತ ವಿದ್ಯುತ್ ಹರಿಯಲು ಬಿಡದ ತೆಳ್ಳನೆಯ ಪದರ. ಬರೆಯುವಾಗ ಹೆಚ್ಚಿನ ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನುಗಳನ್ನು ಆ ಪದರದ ಮೂಲಕ ಒಳಗೆ ನುಗ್ಗಿಸಲಾಗುತ್ತದೆ. ಕರೆಂಟ್ ಹೋದರೂ ಅವು ಅಲ್ಲೇ ಉಳಿಯುತ್ತವೆ. ಒಳಗೆ ಎಷ್ಟು ವಿದ್ಯುದಂಶ ಇದೆ ಎಂಬುದೇ ಅಲ್ಲಿ ಬರೆದಿರುವ ಮಾಹಿತಿ. ಮೊದಮೊದಲು ಒಂದು ಕೋಶಕ್ಕೆ ಎರಡೇ ಸ್ಥಿತಿ, ಇದೆ ಅಥವಾ ಇಲ್ಲ. ಅಗ್ಗಕ್ಕೆ ಹೆಚ್ಚು ಜಾಗ ಕೊಡಬೇಕೆಂದು ಈಗ ಒಂದೇ ಕೋಶದಲ್ಲಿ ಎಂಟು ಮಟ್ಟ, ಹದಿನಾರು ಮಟ್ಟ ಗುರುತಿಸುತ್ತಾರೆ. ಮಟ್ಟ ಮಟ್ಟಗಳ ನಡುವಿನ ಅಂತರ ಕಿರಿದಾದಷ್ಟೂ ಸ್ವಲ್ಪ ಸೋರಿದರೂ ಓದು ತಪ್ಪುತ್ತದೆ. ಸೋರುವುದಂತೂ ನಿಲ್ಲುವುದಿಲ್ಲ. ಪ್ರತಿ ಸಲ ಅಳಿಸಿ ಬರೆದಾಗಲೂ ಆ ಪದರ ಒಂದಿಷ್ಟು ಸವೆಯುತ್ತದೆ. ಮಟ್ಟ ಎರಡೇ ಇದ್ದ ಹಳೆಯ ಕೋಶ ಸುಮಾರು ಲಕ್ಷ ಸಲ ತಾಳುತ್ತಿತ್ತು. ಎಂಟು ಮಟ್ಟದ್ದು ತಾಳುವುದು ಸಾವಿರದ ಲೆಕ್ಕದಲ್ಲಿ.

ಇದರ ಮೇಲೆ ಬಿಸಿಲು. ಶಾಖ ಹೆಚ್ಚಿದಷ್ಟೂ ಸೋರಿಕೆ ಜೋರಾಗುತ್ತದೆ. ಮೆಮೊರಿ ಉದ್ಯಮಕ್ಕೆ ಮಾನದಂಡ ಬರೆಯುವ ಜೆಡೆಕ್ ಸಂಸ್ಥೆ ಫ್ಲ್ಯಾಶ್ ಚಿಪ್ಪಿನಿಂದಲೇ ಮಾಡಿದ ಕಂಪ್ಯೂಟರ್ ಡಿಸ್ಕಿಗೆ, ಅಂದರೆ ಮನೆಬಳಕೆಯ ಎಸ್‌ಎಸ್‌ಡಿಗೆ ಕೇಳುವುದು ಇಷ್ಟು: ನಿಗದಿಪಡಿಸಿದಷ್ಟು ಬರೆದು ಮುಗಿದ ಮೇಲೆ, ಕರೆಂಟ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಉಳಿಯಬೇಕು. ಹೊಸ ಸಾಧನ ಇದಕ್ಕಿಂತ ಬಹಳ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಗಾಬರಿ ಬೇಡ. ಆದರೆ ಅಗ್ಗದ ಪೆನ್‌ಡ್ರೈವಿಗೆ ಬೀಳುವ ಚಿಪ್ಪು ಎಸ್‌ಎಸ್‌ಡಿಗೆ ಬೀಳುವಷ್ಟು ಒಳ್ಳೆಯ ದರ್ಜೆಯದಾಗಿರುವುದು ಕಡಿಮೆ, ಮತ್ತು ನಮ್ಮ ರಾಯಚೂರು, ಕಲಬುರಗಿಯ ಬೇಸಿಗೆ 30 ಡಿಗ್ರಿಯಲ್ಲಿ ನಿಲ್ಲುವುದಿಲ್ಲ. ಹಾಡು ತುಂಬಿಸಿ ಕಾರಿನ ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದ ಕಡ್ಡಿ ಮಧ್ಯಾಹ್ನದ ಬಿಸಿಲಿನಲ್ಲಿ ಬೇಯುತ್ತದೆ. ಹಾಡಿಗೆ ಪರವಾಗಿಲ್ಲ, ಮತ್ತೆ ಸಿಗುತ್ತದೆ. ತೀರಿಕೊಂಡ ಅಜ್ಜಿಯ ದನಿ ಇರುವ ಒಂದೇ ರೆಕಾರ್ಡಿಂಗನ್ನು ಅದೇ ಕಡ್ಡಿಯಲ್ಲಿ ಇಡಬೇಡಿ.

ಹಾಗಾದರೆ ಪೋರ್ಟಬಲ್ ಹಾರ್ಡ್‌ಡಿಸ್ಕ್? ಬಹುಕಾಲ ಇಡಲು ಪೆನ್‌ಡ್ರೈವಿಗಿಂತ ಅದೇ ಮೇಲು. ಅದರಲ್ಲಿ ಮಾಹಿತಿ ಕಾಂತೀಯವಾಗಿ ಬರೆದಿರುತ್ತದೆ, ಎಲೆಕ್ಟ್ರಾನ್ ಸೋರುವ ಪ್ರಶ್ನೆ ಇಲ್ಲ. ಅದರ ಶತ್ರು ನೆಲ. ಒಳಗಿನ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತಿರುವಾಗ ಓದುವ ತಲೆ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಆಗ ಮೇಜಿನಿಂದ ಬಿದ್ದರೆ ತಲೆ ತಟ್ಟೆಗೆ ಬಡಿದು ಗೀಚುತ್ತದೆ; ಅದನ್ನು ಬಿಚ್ಚಿ ಮಾಹಿತಿ ತೆಗೆಯುವ ಲ್ಯಾಬುಗಳು ಕೇಳುವ ಹಣ ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು. ವರ್ಷಗಟ್ಟಲೆ ಓಡಿಸದೆ ಇಟ್ಟರೂ ಅದು ಕೈಕೊಡಬಹುದು. ಆದ್ದರಿಂದ ಮನೆಯಲ್ಲಿ ಸುರಕ್ಷಿತ ಜಾಗದಲ್ಲಿಟ್ಟು, ವರ್ಷಕ್ಕೆ ಒಂದೆರಡು ಸಲ ಹಚ್ಚಿ, ನಾಲ್ಕು ಫೈಲ್ ತೆರೆದು ನೋಡಿ ಮತ್ತೆ ಇಡಬೇಕು. ಆಯುಧಪೂಜೆಯ ದಿನ ಗಾಡಿ ತೊಳೆಯುತ್ತೇವಲ್ಲ, ಅವತ್ತೇ ಇದನ್ನೂ ಮಾಡಿದರೆ ಮರೆಯುವುದಿಲ್ಲ.

ಕೊಳ್ಳುವಾಗಿನ ಮೋಸದ ಬಗ್ಗೆಯೂ ಹೇಳಬೇಕು, ಏಕೆಂದರೆ ಇದರಲ್ಲಿ ಹಣಕ್ಕಿಂತ ದೊಡ್ಡದು ಹೋಗುತ್ತದೆ. 64 ಜಿಬಿ ಎಂದು ಕೊಂಡದ್ದು ವಿಂಡೋಸ್‌ನಲ್ಲಿ 59.6 ಎಂದು ತೋರಿಸಿದರೆ ಅದು ಮೋಸವಲ್ಲ. ತಯಾರಕರು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 1,024ರ ಗುಣಕದಲ್ಲಿ ಎಣಿಸುತ್ತದೆ. ನಿಜವಾದ ಮೋಸ ಬೇರೆ. ಒಳಗೆ 8 ಜಿಬಿ ಚಿಪ್ಪು ಇಟ್ಟು, ತಾನು 1 ಟಿಬಿ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುವಂತೆ ನಿಯಂತ್ರಕವನ್ನು ತಿದ್ದಿರುತ್ತಾರೆ. ಕಾಪಿ ಸರಾಗವಾಗಿ ಮುಗಿಯುತ್ತದೆ, ಫೈಲುಗಳ ಹೆಸರೂ ಕಾಣುತ್ತವೆ. 8 ಜಿಬಿ ದಾಟಿದ ಮೇಲೆ ಬರೆದದ್ದು ಮಾತ್ರ ಎಲ್ಲೂ ಇರುವುದಿಲ್ಲ, ಇಲ್ಲವೇ ಮೊದಲು ಬರೆದದ್ದರ ಮೇಲೇ ಕೂತಿರುತ್ತದೆ. ಎಚ್‌2ಟೆಸ್ಟ್‌ಡಬ್ಲ್ಯು, ಎಫ್‌3 ಎಂಬ ಉಚಿತ ತಂತ್ರಾಂಶಗಳು ಇಡೀ ಡ್ರೈವನ್ನು ತುಂಬಿಸಿ, ಮತ್ತೆ ಓದಿ, ಹೋಲಿಸಿ ನಿಜ ಹೇಳುತ್ತವೆ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದ ಯಾವುದನ್ನೇ ಆಗಲಿ ಈ ಪರೀಕ್ಷೆ ಮಾಡದೆ ಬಳಸಬಾರದು.

ಇಷ್ಟು ಸಾಧನದ ಮಾತಾಯಿತು. ಆದರೆ ಮಾಹಿತಿ ಕಳೆದುಕೊಂಡವರ ಮಾತು ಕೇಳುತ್ತಾ ಬಂದಂತೆ ನನಗೆ ಕಂಡದ್ದು, ಹೆಚ್ಚಿನ ನಷ್ಟಕ್ಕೆ ಸಾಧನದ ದೋಷ ಎರಡನೆಯ ಕಾರಣ. ಮೊದಲನೆಯದು ಬ್ಯಾಕಪ್ ಎಂದರೆ ಏನು ಎಂಬುದರಲ್ಲೇ ಇರುವ ಗೊಂದಲ. ಫೋನ್ ತುಂಬಿದೆ ಎಂದು ಸಂದೇಶ ಬರುತ್ತದೆ. ಫೋಟೊಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ ಫೋನಿನಿಂದ ಅಳಿಸುತ್ತೇವೆ. ‘ಬ್ಯಾಕಪ್ ತೆಗೆದಿದ್ದೀನಿ’ ಎನ್ನುತ್ತೇವೆ. ಅಲ್ಲಿ ನಡೆದದ್ದು ಸ್ಥಳಾಂತರ. ಮೊದಲೂ ಒಂದೇ ಪ್ರತಿ ಇತ್ತು, ಈಗಲೂ ಒಂದೇ ಇದೆ. ಅದೂ ಮೊದಲಿಗಿಂತ ಸುಲಭವಾಗಿ ಕಳೆದುಹೋಗುವ ಜಾಗದಲ್ಲಿ. ಅದೇ ಫೈಲ್ ಕನಿಷ್ಠ ಇನ್ನೊಂದು ಕಡೆ ಇದ್ದಾಗ ಮಾತ್ರ ಅದನ್ನು ಬ್ಯಾಕಪ್ ಎನ್ನಬಹುದು.

ಪ್ರತಿಗಳ ಬೆಲೆ ಏನೆಂದು ಕನ್ನಡಿಗರಿಗೆ ಹೊರಗಿನವರು ಕಲಿಸಬೇಕಿಲ್ಲ. ಹತ್ತನೆಯ ಶತಮಾನದ ಪೊನ್ನ ಬರೆದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿ ಹಂಚಿದಳು. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರು ಎಷ್ಟು ದಿನ ಬರೆಯುವ ಕಂಟ ಹಿಡಿದು ಕೂತಿರಬೇಕು! ಅವಳ ತಂದೆ ಮಲ್ಲಪ, ಚಿಕ್ಕಪ್ಪ ಪೊನ್ನಮಯ್ಯ ಬರೆಸಿದ ಕಾವ್ಯ ಅದು. ದಾನಚಿಂತಾಮಣಿ ಎಂದು ಹೆಸರಾದ ಅತ್ತಿಮಬ್ಬೆ ಅದನ್ನು ಬೀರುವಿನಲ್ಲಿಟ್ಟು ಕಾಯಲಿಲ್ಲ, ಊರೂರಿಗೆ ಕಳಿಸಿದಳು. ಶಾಂತಿಪುರಾಣ ಇವತ್ತು ನಮ್ಮ ಕೈಯಲ್ಲಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ಇಲ್ಲ. ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣ ಬರೆದ ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳೂ ಇಲ್ಲ, ಹೆಸರಷ್ಟೇ ಉಳಿದಿವೆ. ಒಂದು ಕಾವ್ಯ ಉಳಿಯಲು, ಇನ್ನೊಂದು ಅಳಿಯಲು ನೂರು ಕಾರಣಗಳಿರಬಹುದು. ಆದರೂ ಗೆದ್ದಲು, ಬೆಂಕಿ, ದಂಡು, ಮಳೆಗಾಲ ಇವೆಲ್ಲ ಸಾವಿರ ಊರುಗಳಿಗೆ ಒಟ್ಟಿಗೆ ಬರುವುದಿಲ್ಲ ಎಂಬುದು ಸರಳ ಲೆಕ್ಕ. ಹಲವು ಪ್ರತಿಗಳಿಂದ ಇನ್ನೊಂದು ಲಾಭವೂ ಇದೆ. ಒಂದು ಗರಿಯಲ್ಲಿ ಅಕ್ಷರ ಹೋಗಿದ್ದರೆ ಇನ್ನೊಂದನ್ನು ನೋಡಿ ತುಂಬಬಹುದು. ನಮ್ಮ ಸಂಪಾದಕರು ಪಾಠಾಂತರಗಳನ್ನು ಪಕ್ಕ ಪಕ್ಕ ಇಟ್ಟು ಮಾಡಿದ ಕೆಲಸ ಅದೇ. ಫೈಲಿನಲ್ಲಿರುವುದರಿಂದ ಲೆಕ್ಕಹಾಕಿದ ಹ್ಯಾಶ್ ಎಂಬ ಸಂಖ್ಯೆಯನ್ನು ಎರಡು ಡಿಸ್ಕುಗಳ ನಡುವೆ ಹೋಲಿಸಿ ಪ್ರತಿಗಳಲ್ಲಿ ವ್ಯತ್ಯಾಸವಿದೆಯೇ ಎಂದು ತಿಳಿಯುವ ಇಂದಿನ ವಿಧಾನ ಅದರ ಮುಂದುವರಿಕೆ.

ದೊಡ್ಡವರೂ ಪ್ರತಿಗಳ ಈ ಬೆಲೆ ಮರೆತು ಪೆಟ್ಟು ತಿಂದಿದ್ದಾರೆ. 1998ರಲ್ಲಿ ಪಿಕ್ಸರ್ ಕಂಪನಿಯಲ್ಲಿ ಟಾಯ್ ಸ್ಟೋರಿ 2 ಚಿತ್ರದ ಕೆಲಸ ನಡೆಯುತ್ತಿದ್ದಾಗ ಯಾರೋ ಕೊಟ್ಟ ಒಂದು ಅಳಿಸುವ ಆಜ್ಞೆಯಿಂದ ಚಿತ್ರದ ಬಹುಪಾಲು ಫೈಲುಗಳು ಮಾಯವಾದವು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅದು ಸರಿಯಾಗಿ ಕೆಲಸ ಮಾಡಿಯೇ ಇರಲಿಲ್ಲ, ಯಾರೂ ಪರೀಕ್ಷಿಸಿಯೂ ಇರಲಿಲ್ಲ. ಚಿತ್ರವನ್ನು ಉಳಿಸಿದ್ದು ಗ್ಯಾಲಿನ್ ಸುಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿ. ಬಾಣಂತಿಯಾಗಿದ್ದ ಆಕೆ ಮನೆಯಿಂದ ಕೆಲಸ ಮಾಡಲೆಂದು ತನ್ನ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ನಿಧಾನವಾಗಿ ಕಚೇರಿಗೆ ತಂದರು. ಇತ್ತೀಚಿನದು, 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ದಾಖಲೆ ಇಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹ ಸುಟ್ಟಿತು, 858 ಟಿಬಿ ಮಾಹಿತಿ ಹೋಯಿತು. ಹೊರಗೆ ಅದರ ಪ್ರತಿ ಇರಲಿಲ್ಲ. ಜಗತ್ತಿನ ಅತ್ಯಂತ ಮುಂದುವರಿದ ಡಿಜಿಟಲ್ ಸರ್ಕಾರಗಳಲ್ಲಿ ಒಂದು ಎಂದು ಹೆಸರಾದ ದೇಶ ಅದು.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಹೇಳಿ ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರ ಹುಟ್ಟಿದ್ದು ಇಂಥ ನಷ್ಟ ತಪ್ಪಿಸಲೆಂದೇ. ಪ್ರತಿ ಮೂರಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ ಇರಲಿ. ನಮ್ಮ ಮನೆಗಳಿಗೆ ಇದನ್ನು ಹೀಗೆ ಇಳಿಸಬಹುದು: ಒಂದು ಪ್ರತಿ ಫೋನ್ ಅಥವಾ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಮನೆಯ ಹಾರ್ಡ್‌ಡಿಸ್ಕಿನಲ್ಲಿ, ಮೂರನೆಯದು ಊರಿನಲ್ಲಿರುವ ಅಣ್ಣನ ಮನೆಯಲ್ಲಿ. ಹಬ್ಬಕ್ಕೆ ಹೋದಾಗಲೆಲ್ಲ ಅಲ್ಲಿಯ ಡಿಸ್ಕನ್ನು ತಂದು ಇಲ್ಲಿಯದನ್ನು ಇಟ್ಟು ಬಂದರೆ ಮೂರನೆಯ ಪ್ರತಿ ತಾನಾಗಿಯೇ ಹೊಸದಾಗುತ್ತಿರುತ್ತದೆ. ಕಂಪ್ಯೂಟರ್ ಇಲ್ಲದ ಮನೆಗಳೇ ಹೆಚ್ಚು; ಅವರಿಗೆ ಒಂದು ತುದಿಯಲ್ಲಿ ಮಾಮೂಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಟೈಪ್-ಸಿ ಇರುವ ಒಟಿಜಿ ಪೆನ್‌ಡ್ರೈವ್ ಸಿಗುತ್ತದೆ. ಅದನ್ನು ನೇರ ಫೋನಿಗೆ ಚುಚ್ಚಿ ಫೋಟೊ ಕಾಪಿ ಮಾಡಬಹುದು. ಎರಡು ಕೊಂಡು ಎರಡರಲ್ಲೂ ಹಾಕಿ, ಒಂದನ್ನು ಮಗಳ ಮನೆಗೆ ಕೊಡಿ. ನಾಲ್ಕೈದು ವರ್ಷಕ್ಕೊಮ್ಮೆ ಹೊಸದಕ್ಕೆ ಬದಲಿಸಿ. ‘ಕಟ್’ ಒತ್ತುವ ಅಭ್ಯಾಸ ಬಿಡಿ. ‘ಕಾಪಿ’ ಮಾಡಿ, ತೆರೆದು ನೋಡಿ, ಆಮೇಲೆ ಅಳಿಸುವುದಿದ್ದರೆ ಅಳಿಸಿ.

ಎಲ್ಲ ಕ್ಲೌಡಿನಲ್ಲಿದೆ, ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಕ್ಲೌಡ್ ಒಳ್ಳೆಯ ಮೂರನೆಯ ಪ್ರತಿ. ಒಂದೇ ಪ್ರತಿಯಾದರೆ ಅದೂ ಅಪಾಯ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಎರಡು ವರ್ಷ ಯಾರೂ ತೆರೆಯದ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ತಂದೆ ತೀರಿಕೊಂಡು, ಅವರ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದಿದ್ದರೆ ಆ ಖಾತೆಯ ಫೋಟೊಗಳಿಗೆ ಎರಡು ವರ್ಷದ ಗಡುವು ಶುರುವಾದಂತೆ. ಇನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮಾತ್ರ ಮೂಲ ಗಾತ್ರದಲ್ಲೇ ತಲುಪುತ್ತದೆ. ಫ್ಯಾಮಿಲಿ ಗ್ರೂಪಿನಲ್ಲಿ ಇದೆಯಲ್ಲ ಎಂದು ಮೂಲವನ್ನು ಅಳಿಸಿದವರಿಗೆ ದೊಡ್ಡ ಚೌಕಟ್ಟಿಗೆ ಪ್ರಿಂಟ್ ಹಾಕಿಸುವಾಗ ವ್ಯತ್ಯಾಸ ಕಾಣುತ್ತದೆ.

ಒಯ್ಯುವ ಕೆಲಸದಲ್ಲಿ ಮಾತ್ರ ಕೈಯಲ್ಲಿ ಹಿಡಿದ ಡಿಸ್ಕನ್ನು ಮೀರಿಸುವುದು ಇಂಟರ್ನೆಟ್ಟಿಗೆ ಈಗಲೂ ಕಷ್ಟ. 10 ಎಂಬಿಪಿಎಸ್ ವೇಗದಲ್ಲಿ ಮೇಲಕ್ಕೆ ಹೋಗುವ ಸಂಪರ್ಕದಲ್ಲಿ 1 ಟಿಬಿ ಕಳಿಸಲು ಒಂಬತ್ತು ದಿನಕ್ಕೂ ಹೆಚ್ಚು ಬೇಕು. 100 ಎಂಬಿಪಿಎಸ್ ಇದ್ದರೂ 22 ಗಂಟೆ. ಕಲಬುರಗಿಯಿಂದ ರಾತ್ರಿ ಬಸ್ಸಿನಲ್ಲಿ ಬ್ಯಾಗಿಗೆ ಹಾಕಿಕೊಂಡು ಹೊರಟರೆ ಅದೇ 1 ಟಿಬಿ ಬೆಳಗಾಗುವಷ್ಟರಲ್ಲಿ ಬೆಂಗಳೂರಿನಲ್ಲಿರುತ್ತದೆ. 2019ರ ಏಪ್ರಿಲ್‌ನಲ್ಲಿ ಜಗತ್ತು ನೋಡಿದ ಕಪ್ಪುಕುಳಿಯ ಮೊದಲ ಚಿತ್ರದ ಹಿಂದೆ ಇದೇ ಲೆಕ್ಕ ಇತ್ತು. 2017ರ ಏಪ್ರಿಲ್‌ನಲ್ಲಿ ಹವಾಯಿ, ಚಿಲಿ, ಸ್ಪೇನ್, ಮೆಕ್ಸಿಕೊ, ಅರಿಜೋನ, ದಕ್ಷಿಣ ಧ್ರುವಗಳ ದೂರದರ್ಶಕಗಳು ಒಟ್ಟಿಗೆ ಕಲೆಹಾಕಿದ ಮಾಹಿತಿ ಸುಮಾರು 5 ಪೆಟಾಬೈಟ್, ಅಂದರೆ 5,000 ಟಿಬಿ. ಅದನ್ನು ಇಂಟರ್ನೆಟ್ಟಿನಲ್ಲಿ ಕಳಿಸುವ ಮಾತೇ ಇರಲಿಲ್ಲ. ಅರ್ಧ ಟನ್ ತೂಕದ ಹಾರ್ಡ್‌ಡಿಸ್ಕುಗಳನ್ನು ಅಮೆರಿಕದ ಎಂಐಟಿ ಹೇಸ್ಟ್ಯಾಕ್ ವೀಕ್ಷಣಾಲಯಕ್ಕೂ ಜರ್ಮನಿಯ ಬಾನ್ ನಗರದ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಗೂ ವಿಮಾನದಲ್ಲಿ ಸಾಗಿಸಿದರು. ದಕ್ಷಿಣ ಧ್ರುವದಲ್ಲಿ ಚಳಿಗಾಲ ಕವಿದು ವಿಮಾನ ಇಳಿಯುವಂತಿರಲಿಲ್ಲ, ಅಲ್ಲಿಯ ಡಿಸ್ಕುಗಳಿಗೆ ಡಿಸೆಂಬರ್ ತನಕ ಕಾದರು.

ನಾವು ಒಯ್ಯುವಾಗ ಎದುರಾಗುವ ತೊಡಕುಗಳು ಸಣ್ಣವು, ಆದರೆ ಪದೇ ಪದೇ ಬರುವಂಥವು. ಪೆನ್‌ಡ್ರೈವಿನಲ್ಲಿ ಜಾಗ ಇದ್ದರೂ ದೊಡ್ಡ ವಿಡಿಯೊ ಹೋಗುವುದಿಲ್ಲ ಎಂದರೆ ಅದು ಫ್ಯಾಟ್ 32 ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿದೆ ಎಂದು ಅರ್ಥ. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ವಿಂಡೋಸ್, ಮ್ಯಾಕ್ ಎರಡರಲ್ಲೂ ಆ ತೊಂದರೆ ಇಲ್ಲ. ಹಳೆಯ ಟಿವಿ, ಕಾರಿನ ಸ್ಟೀರಿಯೊಗಳಿಗೆ ಮಾತ್ರ ಫ್ಯಾಟ್ 32 ಬೇಕಾದೀತು. ಬದಲಿಸುವಾಗ ಒಳಗಿದ್ದುದೆಲ್ಲ ಅಳಿಯುತ್ತದೆ, ನೆನಪಿರಲಿ. ಕಾಪಿ ಮುಗಿಯಿತು ಎಂದು ತೆರೆ ಹೇಳಿದ ಕ್ಷಣ ಕಡ್ಡಿ ಕೀಳುವುದು ಇನ್ನೊಂದು ಕೆಟ್ಟ ಅಭ್ಯಾಸ. ಕಂಪ್ಯೂಟರ್ ಒಂದಿಷ್ಟನ್ನು ತನ್ನ ಮೆಮೊರಿಯಲ್ಲಿಟ್ಟುಕೊಂಡು ಹಿಂದಿನಿಂದ ಬರೆಯುತ್ತಿರಬಹುದು. ಅಷ್ಟರಲ್ಲಿ ಕಿತ್ತರೆ ಆ ಫೈಲಷ್ಟೇ ಅಲ್ಲ, ಯಾವುದು ಎಲ್ಲಿದೆ ಎಂದು ಬರೆದಿಟ್ಟ ಪಟ್ಟಿಯೇ ಕೆಡಬಹುದು. ‘ಇಜೆಕ್ಟ್’ ಒತ್ತಲು ಒಂದು ನಿಮಿಷವೂ ಬೇಡ. ತಪ್ಪಿ ಏನಾದರೂ ಅಳಿಸಿಹೋದರೆ ಆ ಡ್ರೈವಿಗೆ ಇನ್ನೇನನ್ನೂ ಬರೆಯದೆ ಪಕ್ಕಕ್ಕಿಡಿ. ಅಳಿಸಿದಾಗ ಸಾಮಾನ್ಯವಾಗಿ ಪಟ್ಟಿಯ ಹೆಸರು ಹೋಗುತ್ತದೆ, ಸರಕು ಅಲ್ಲೇ ಇರುತ್ತದೆ. ಫೋಟೊರೆಕ್‌ನಂಥ ಉಚಿತ ತಂತ್ರಾಂಶ ಅದನ್ನು ಹುಡುಕಿ ತೆಗೆಯಬಲ್ಲದು.

ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ದಿನಕ್ಕೆ ನೂರಾರು ಪೆನ್‌ಡ್ರೈವ್ ಬಂದು ಹೋಗುತ್ತವೆ. ಪರೀಕ್ಷೆಯ ಅರ್ಜಿ, ಆಧಾರ್ ಪ್ರತಿ, ಪ್ರಾಜೆಕ್ಟ್ ವರದಿ ಪ್ರಿಂಟ್ ಹಾಕಿಸಿ ಬಂದ ಮೇಲೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುವುದು ಅಲ್ಲಿಂದ ಅಂಟಿಕೊಂಡ ವೈರಸ್‌ನ ಕೆಲಸ. ಫೈಲುಗಳು ಹೋಗಿರುವುದಿಲ್ಲ, ಮರೆಯಾಗಿರುತ್ತವೆ. ಶಾರ್ಟ್‌ಕಟ್ ಒತ್ತಿದರೆ ವೈರಸ್ ನಿಮ್ಮ ಕಂಪ್ಯೂಟರಿಗೂ ಇಳಿಯುತ್ತದೆ. ಪ್ರಿಂಟ್ ಹಾಕಿಸಲು ಬೇರೆಯೇ ಒಂದು ಸಣ್ಣ ಕಡ್ಡಿ ಇಟ್ಟುಕೊಂಡು, ಅದರಲ್ಲಿ ಆ ದಿನ ಬೇಕಾದ ಪಿಡಿಎಫ್ ಮಾತ್ರ ಹಾಕಿ ಒಯ್ಯುವುದು ನನಗೆ ಗೊತ್ತಿರುವ ಅತ್ಯಂತ ಸರಳ ರಕ್ಷಣೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಪೆನ್‌ಡ್ರೈವ್ ಮೂಲಕ ಹರಡುವಂತೆ ಹೆಣೆದ ವೈರಸ್; ಇಂಟರ್ನೆಟ್ ಸಂಪರ್ಕವೇ ಇಲ್ಲದ ಇರಾನಿನ ನತಾಂಜ್ ಅಣುಕೇಂದ್ರದ ಯಂತ್ರಗಳನ್ನೂ ಅದು ಮುಟ್ಟಿತು. ದಾರಿಯಲ್ಲಿ ಬಿದ್ದು ಸಿಕ್ಕಿದ ಕಡ್ಡಿಯನ್ನು ಕುತೂಹಲಕ್ಕೂ ಚುಚ್ಚಬಾರದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು ಬೇಕೆಂದೇ 297 ಪೆನ್‌ಡ್ರೈವ್ ಬೀಳಿಸಿ ನೋಡಿದಾಗ ಶೇ 45ರಷ್ಟರಲ್ಲಿ ಸಿಕ್ಕಿದವರು ಫೈಲ್ ತೆರೆದೇ ಬಿಟ್ಟಿದ್ದರು. ಹಲವರ ಉದ್ದೇಶ ಒಳ್ಳೆಯದೇ, ಯಾರದೆಂದು ತಿಳಿದು ಹಿಂದಿರುಗಿಸುವುದು.

ಕಳೆದುಹೋದದ್ದು ಬೇರೆಯವರ ಕಣ್ಣಿಗೆ ಬೀಳುವ ಭಯಕ್ಕೆ ಮದ್ದು ಎನ್‌ಕ್ರಿಪ್ಷನ್, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಹಾಕುವ ಬೀಗ. 2007ರಲ್ಲಿ ಬ್ರಿಟನ್ನಿನ ತೆರಿಗೆ ಇಲಾಖೆ ಎರಡೂವರೆ ಕೋಟಿ ಜನರ ವಿವರವಿದ್ದ ಎರಡು ಡಿಸ್ಕುಗಳನ್ನು ಅಂಚೆಯಲ್ಲಿ ಕಳೆದುಕೊಂಡಾಗ ಅವುಗಳಲ್ಲಿ ಎನ್‌ಕ್ರಿಪ್ಷನ್ ಇರಲಿಲ್ಲ, ಇಡೀ ದೇಶ ಕಂಗಾಲಾಯಿತು. 2022ರ ಜೂನಿನಲ್ಲಿ ಜಪಾನಿನ ಅಮಗಸಾಕಿ ನಗರದ ಸುಮಾರು 4 ಲಕ್ಷ 60 ಸಾವಿರ ನಿವಾಸಿಗಳ ವಿವರವಿದ್ದ ಪೆನ್‌ಡ್ರೈವನ್ನು ಗುತ್ತಿಗೆ ಸಂಸ್ಥೆಯ ನೌಕರನೊಬ್ಬ ಬ್ಯಾಗಿನಲ್ಲಿಟ್ಟುಕೊಂಡು, ಕುಡಿದು ರಸ್ತೆಬದಿಯಲ್ಲಿ ಮಲಗಿ ಕಳೆದುಕೊಂಡ. ಬ್ಯಾಗ್ ಸಿಕ್ಕಿತು. ಸಿಗದಿದ್ದರೂ ಒಳಗಿದ್ದುದಕ್ಕೆ ಬೀಗ ಇತ್ತು. ವಿಂಡೋಸ್‌ನ ಬಿಟ್‌ಲಾಕರ್ ಅಥವಾ ಉಚಿತ ವೆರಾಕ್ರಿಪ್ಟ್ ಈ ಬೀಗ ಹಾಕುತ್ತವೆ. ಪಾಸ್‌ವರ್ಡನ್ನು ಮನೆಯ ಇನ್ನೊಬ್ಬರಿಗೆ ತಿಳಿಯುವಂತೆ ಬರೆದಿಡದಿದ್ದರೆ ಬೀಗ ನಮ್ಮನ್ನೇ ಹೊರಗಿಡುತ್ತದೆ. ಕಡ್ಡಿ ಕಳೆದುಹೋಗದೆಯೂ ಖಾಸಗಿ ಸಂಗತಿ ಹೊರಬೀಳಬಹುದು. 2024ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಹಾಸನದಲ್ಲಿ ಮಹಿಳೆಯರ ಖಾಸಗಿ ದೃಶ್ಯಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದ್ದನ್ನು ಕರ್ನಾಟಕ ಮರೆತಿಲ್ಲ. ಹಂಚುವುದು ಸುಲಭವಾದ ಸಾಧನದಿಂದ ಒಮ್ಮೆ ಹೊರಬಿದ್ದದ್ದನ್ನು ಯಾವ ನ್ಯಾಯಾಲಯವೂ ಪೂರ್ತಿ ಹಿಂದಕ್ಕೆ ಕರೆಯಲಾರದು. ಅಂಥದೊಂದು ಕಡ್ಡಿ ಕೈಗೆ ಬಂದರೆ ಮುಂದಕ್ಕೆ ದಾಟಿಸದೆ ಪೊಲೀಸರಿಗೆ ಒಪ್ಪಿಸುವುದು ಆ ಹೆಣ್ಣುಮಕ್ಕಳಿಗೆ ನಾವು ತೋರಬಹುದಾದ ಕನಿಷ್ಠ ಗೌರವ.

ಕನ್ನಡದ ಫೈಲುಗಳಿಗೆ ಇವೆಲ್ಲದರ ಜೊತೆಗೆ ಇನ್ನೊಂದು ಕಂಟಕವಿದೆ, ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಅದರದು. ಫೈಲ್ ಕ್ಷೇಮವಾಗಿ ತಲುಪಿದರೂ ಓದಲಾಗದಿರಬಹುದು. 1990ರ ದಶಕದಿಂದ ಎರಡು ದಶಕ ಕಾಲ ಕನ್ನಡದ ಪುಸ್ತಕ, ಪತ್ರಿಕೆ, ಆಹ್ವಾನಪತ್ರಿಕೆ, ಸ್ಮರಣ ಸಂಚಿಕೆಗಳು ರೂಪುಗೊಂಡದ್ದು ಶ್ರೀಲಿಪಿ, ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮುಂತಾದವುಗಳ ಹಳೆಯ ಫಾಂಟುಗಳಲ್ಲಿ. ಅವು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು, ಅಂದರೆ ತಲೆಕಟ್ಟು, ಒತ್ತು, ಕೊಂಬುಗಳನ್ನು ಕೂರಿಸಿದ್ದವು. ಫೈಲಿನೊಳಗೆ ಕನ್ನಡ ಇಲ್ಲ, ರೋಮನ್ ಸಂಕೇತಗಳ ಸಾಲಿದೆ. ಅದನ್ನು ಕನ್ನಡವಾಗಿ ತೋರಿಸುವುದು ಆ ಫಾಂಟ್. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಅರ್ಥವಿಲ್ಲದ ರೋಮನ್ ಅಕ್ಷರಗಳು. ಡಿಟಿಪಿ ಮಾಡುವವರು ಪೆನ್‌ಡ್ರೈವಿನಲ್ಲಿ ಫೈಲಿನ ಜೊತೆ ಫಾಂಟನ್ನೂ ಹಾಕಿಕೊಂಡು ಮುದ್ರಣಾಲಯಕ್ಕೆ ಓಡಾಡುತ್ತಿದ್ದುದು ಇದಕ್ಕಾಗಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಅದರದೇ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಬಂತು. ಮುದ್ರಣದ ಕೆಲಸ ಮಾತ್ರ ಬಹುಕಾಲ ಹಳೆಯ ದಾರಿಯಲ್ಲೇ ನಡೆಯಿತು.

ಅದರ ಮೇಲೆ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅಡೋಬಿಯ ಇನ್‌ಡಿಸೈನ್ ಸಿಎಸ್6ರವರೆಗೆ ಪೇಜ್‌ಮೇಕರ್ ಫೈಲುಗಳನ್ನು ತೆರೆಯುತ್ತಿತ್ತು, ಮುಂದಿನ ಆವೃತ್ತಿಗಳು ತೆರೆಯುವುದಿಲ್ಲ. ಹಾಗಾಗಿ ಎಷ್ಟೋ ಕವನ ಸಂಕಲನ, ಜಿಲ್ಲಾ ಇತಿಹಾಸ, ಜಾತ್ರೆ ಸಂಚಿಕೆ, ಅಭಿನಂದನಾ ಗ್ರಂಥಗಳು ಯಾವುದೋ ಹಳೆಯ ಸಿಡಿಯಲ್ಲಿ, ಅಂಗಡಿಯ ಮೂಲೆಯ ಹಾರ್ಡ್‌ಡಿಸ್ಕಿನಲ್ಲಿ ಇವೆ, ಆದರೆ ತೆರೆಯಲು ಹಳೆಯ ಕಂಪ್ಯೂಟರೂ ಬೇಕು, ಹಳೆಯ ಫಾಂಟೂ ಬೇಕು, ಎರಡೂ ಗೊತ್ತಿರುವ ಮನುಷ್ಯರೂ ಬೇಕು. ನಾನೂರು ಐನೂರು ಪ್ರತಿ ಅಚ್ಚಾಗಿ ಹಂಚಿಹೋದ ಪುಸ್ತಕಗಳಿಗೆ ಎಷ್ಟೋ ಸಲ ಇದೇ ಉಳಿದ ಮೂಲ.

ಲೇಖಕರಲ್ಲಿ, ಪ್ರಕಾಶಕರಲ್ಲಿ, ಸಂಘ ಸಂಸ್ಥೆಗಳ ಕಾರ್ಯದರ್ಶಿಗಳಲ್ಲಿ ನನ್ನ ಕೋರಿಕೆ ಇದು. ನಿಮ್ಮ ಪುಸ್ತಕದ ಪುಟ ಕೂರಿಸಿದ ಡಿಟಿಪಿಯವರನ್ನು ಈ ವಾರವೇ ಹುಡುಕಿ. ಫೈಲ್ ಇದ್ದರೆ ಮೂರು ರೂಪದಲ್ಲಿ ಇಸಿದುಕೊಳ್ಳಿ: ಫಾಂಟ್ ಸಮೇತ ಮೂಲ ಫೈಲ್, ಫಾಂಟ್ ಒಳಗೇ ಅಡಗಿರುವ ಪಿಡಿಎಫ್, ಮತ್ತು ಯುನಿಕೋಡ್‌ಗೆ ತಿರುಗಿಸಿದ ಪಠ್ಯ. ತಿರುಗಿಸುವ ಸಲಕರಣೆ ನುಡಿಯಲ್ಲೂ ಬರಹದಲ್ಲೂ ಇದೆ. ತಿರುಗಿಸಿದ ಪಠ್ಯದಲ್ಲಿ ಅರ್ಕಾವತ್ತು, ಒತ್ತಕ್ಷರ, ಅಂಕಿಗಳು ಅಲ್ಲಲ್ಲಿ ಕೆಡುತ್ತವೆ. ಅಚ್ಚಾದ ಪ್ರತಿಯನ್ನು ಎದುರಿಗಿಟ್ಟು ಸಾಲು ಸಾಲಾಗಿ ಓದುವ ಒಬ್ಬರು ಬೇಕು, ಅದಕ್ಕೆ ಕೂಲಿ ಕೊಡಿ. ಆಮೇಲೆ ಎರಡು ಹಾರ್ಡ್‌ಡಿಸ್ಕಿಗೆ ಹಾಕಿ ಒಂದನ್ನು ನೀವಿಟ್ಟುಕೊಂಡು, ಇನ್ನೊಂದನ್ನು ನಿಮ್ಮೂರಿನ ಕಾಲೇಜಿನ ಕನ್ನಡ ವಿಭಾಗಕ್ಕೋ ಗ್ರಂಥಾಲಯಕ್ಕೋ ಕೊಟ್ಟು, ಒಳಗೇನಿದೆ ಎಂಬ ಪಟ್ಟಿಯನ್ನು ಕಾಗದದ ಮೇಲೆ ಬರೆದು ಅದಕ್ಕೆ ಅಂಟಿಸಿ.